ಡಿಎನ್‌ಎ ಗುರುತುಗಳಿಂದ ಜನಸಮುದಾಯಗಳ ಮೂಲ, ನಂಟು ಹುಡುಕುವುದು ಹೇಗೆ: ಸ್ಯಾಂಪಲ್‌ನಿಂದ ತೀರ್ಮಾನದವರೆಗೆ ಸಮಗ್ರ ಮಾರ್ಗದರ್ಶಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತಿದೆ. ಇಪ್ಪತ್ತು ಮೂವತ್ತು ಜನರ ಡಿಎನ್‌ಎ ಡೇಟಾ ಕೈಗೆ ಬರುತ್ತದೆ. ನೆಟ್‌ನಿಂದ 1000 ಜೀನೋಮ್ಸ್ ಡೇಟಾ, ಅಂದರೆ ಲೋಕದ ಹಲವು ಕಡೆಯ ಜನರ ಸಾರ್ವಜನಿಕ ಡಿಎನ್‌ಎ ಸಂಗ್ರಹ, ಇಳಿಸಿಕೊಳ್ಳುತ್ತಾರೆ. ಎರಡನ್ನೂ ಸೇರಿಸಿ, ಬೆರಕೆ ಅಂದಾಜಿಸುವ ಅಡ್ಮಿಕ್ಸ್‌ಚರ್ ಸಾಫ್ಟ್‌ವೇರನ್ನು ನೇರ ಓಡಿಸುತ್ತಾರೆ. ಬಣ್ಣದ ಪಟ್ಟಿ ಬಂದ ತಕ್ಷಣ "ಈ ಸಮುದಾಯದವರು ಶೇ. 70ರಷ್ಟು ತೆಲುಗರು, ಶೇ. 30ರಷ್ಟು ತಮಿಳರು" ಎಂದು ವರದಿ ಬರೆದುಬಿಡುತ್ತಾರೆ.

ಆ 1000 ಜೀನೋಮ್ಸ್ ಡೇಟಾದಲ್ಲಿ ದಕ್ಷಿಣ ಭಾರತಕ್ಕೆ ಹತ್ತಿರದ ಗುಂಪುಗಳು ಎರಡೇ. ಒಂದು, ಬ್ರಿಟನ್‌ನಲ್ಲಿ ನೆಲೆಸಿದ ತೆಲುಗರು. ಇನ್ನೊಂದು, ಬ್ರಿಟನ್‌ನಲ್ಲೇ ನೆಲೆಸಿದ ಶ್ರೀಲಂಕಾ ತಮಿಳರು. ಕನ್ನಡದವರ ಗುಂಪೇ ಅಲ್ಲಿಲ್ಲ. ಮುಳಬಾಗಿಲಿನವರ ಡಿಎನ್‌ಎಯನ್ನು ಅದರ ಎದುರು ಇಟ್ಟರೆ ಸಾಫ್ಟ್‌ವೇರ್ ಇರುವ ಎರಡರ ನಡುವೆಯೇ ಹಂಚುತ್ತದೆ. ಬೇರೆ ದಾರಿ ಅದಕ್ಕಿಲ್ಲ, ಅಲ್ವಾ? ಯಾರ ಜೊತೆ ಹೋಲಿಸುತ್ತೀರಿ ಎಂಬುದೇ ಉತ್ತರವನ್ನು ಅರ್ಧ ತೀರ್ಮಾನಿಸಿಬಿಡುತ್ತದೆ. ಉಳಿದರ್ಧವನ್ನು ಸ್ಯಾಂಪಲ್ ಆಯ್ಕೆ ತೀರ್ಮಾನಿಸುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಮೊದಲ ಹಂತಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅವಸರದಲ್ಲಿ ಅವನ್ನು ಹಾರಿಸಿಕೊಂಡು ಮುಂದೆ ಹೋಗಬೇಡಿ.

## ಬೇಕಾದ ಸಲಕರಣೆ

16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್ ಸಾಕು. ಲಿನಕ್ಸ್ ಇದ್ದರೆ ಒಳ್ಳೆಯದು. ವಿಂಡೋಸ್ ಇದ್ದರೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ.

ಸಾಫ್ಟ್‌ವೇರ್‌ಗಳು ಎಲ್ಲವೂ ಉಚಿತ. ಡೇಟಾ ಶುದ್ಧ ಮಾಡಲು ಪ್ಲಿಂಕ್ 1.9. ಸಂಬಂಧಿಕರನ್ನು ಪತ್ತೆಹಚ್ಚಲು ಕಿಂಗ್. ಪಿಸಿಎಗೆ, ಅಂದರೆ ಯಾರು ಯಾರಿಗೆ ಹತ್ತಿರ ಎಂದು ಚುಕ್ಕಿಗಳ ಚಿತ್ರದಲ್ಲಿ ತೋರಿಸುವ ಲೆಕ್ಕಕ್ಕೆ, ಐಗನ್‌ಸಾಫ್ಟ್‌ನ ಸ್ಮಾರ್ಟ್‌ಪಿಸಿಎ. ಬೆರಕೆ ಅಂದಾಜಿಗೆ ಅಡ್ಮಿಕ್ಸ್‌ಚರ್. ಗುಂಪುಗಳ ನಂಟು, ಬೆರಕೆ ಪರೀಕ್ಷಿಸುವ ಎಫ್ ಅಂಕಿಗಳಿಗೆ ಅಡ್ಮಿಕ್ಸ್‌ಟೂಲ್ಸ್ 2. ಚಿತ್ರ ಬಿಡಿಸಲು ಆರ್.

ಜೊತೆಗೆ ಒಂದು ನೋಟ್‌ಬುಕ್ ಇರಲಿ. ಪ್ರತಿ ಹಂತದಲ್ಲಿ ಎಷ್ಟು ಜನ ಉಳಿದರು, ಎಷ್ಟು ಗುರುತು (ಡಿಎನ್‌ಎಯಲ್ಲಿ ಒಬ್ಬರಿಂದ ಒಬ್ಬರಿಗೆ ಬದಲಾಗುವ ಜಾಗ) ಉಳಿದವು ಎಂದು ಕೈಯಲ್ಲಿ ಬರೆಯಿರಿ. ಎಲ್ಲಿ ಎಡವಟ್ಟಾಯಿತು ಎಂದು ಕೊನೆಗೆ ತಿಳಿಯುವುದು ಈ ಪುಟದಿಂದಲೇ.

## ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ನಮ್ಮ ಸಮುದಾಯದ ಮೂಲ ಯಾವುದು?" ಎಂಬುದನ್ನು ಡಿಎನ್‌ಎಯಿಂದ ಉತ್ತರಿಸಲು ಆಗುವುದಿಲ್ಲ. ಮೂಲ ಎಂದರೆ ಎಷ್ಟು ಹಿಂದೆ? ಯಾರ ಹೋಲಿಕೆಯಲ್ಲಿ? ಅದನ್ನು ಹೇಳದೆ ಪ್ರಶ್ನೆ ಪೂರ್ತಿಯಾಗದು.

ಉತ್ತರ ಸಿಗಬಲ್ಲ ಪ್ರಶ್ನೆಗಳು ಹೀಗಿರುತ್ತವೆ. ಪಾವಗಡದ ಒಂದು ಸಮುದಾಯ ಮತ್ತು ಕುಣಿಗಲ್‌ನ ಅದೇ ಹೆಸರಿನ ಸಮುದಾಯ ತಮ್ಮೊಳಗೆ ಹತ್ತಿರವೋ, ಅಥವಾ ಅಕ್ಕಪಕ್ಕದ ಬೇರೆ ಸಮುದಾಯಗಳಿಗೆ ಹತ್ತಿರವೋ? ಮಧುಗಿರಿ ಸೀಮೆಯಲ್ಲಿ ಒಂದೇ ಬೆಡಗಿನ ಗಂಡಸರು ನಿಜಕ್ಕೂ ಒಂದೇ ತಂದೆ ಸಾಲಿನವರೋ? ಬಾಗೇಪಲ್ಲಿಯಲ್ಲಿ ಮನೆಮಾತು ತೆಲುಗು ಇರುವವರಿಗೂ ಕನ್ನಡ ಇರುವವರಿಗೂ, ಸಮುದಾಯ ಒಂದೇ ಇದ್ದಾಗ, ಏನಾದರೂ ವ್ಯತ್ಯಾಸ ಕಾಣುತ್ತದೆಯೋ?

ಮೂರರಲ್ಲೂ ಹೋಲಿಕೆ ಸ್ಪಷ್ಟವಾಗಿದೆ. ಉತ್ತರ "ಇಲ್ಲ" ಎಂದು ಬರಲೂ ಅವಕಾಶವಿದೆ. ನಿಮ್ಮ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬರುವ ಸಾಧ್ಯತೆಯೇ ಇಲ್ಲದಿದ್ದರೆ ಪ್ರಶ್ನೆ ಬದಲಿಸಿ.

## ಹಂತ 2: ಒಪ್ಪಿಗೆ ಮೊದಲು, ಸ್ಯಾಂಪಲ್ ಆಮೇಲೆ

ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಇಲ್ಲದೆ ಒಬ್ಬರ ಎಂಜಲನ್ನೂ ತೆಗೆದುಕೊಳ್ಳಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಇದಕ್ಕೆ ಆಧಾರ.

ಒಪ್ಪಿಗೆ ಪತ್ರ ಆಡುಮಾತಿನಲ್ಲಿರಲಿ. ಗಡಿ ತಾಲ್ಲೂಕುಗಳಲ್ಲಿ ಕನ್ನಡದ ಜೊತೆ ತೆಲುಗಿನಲ್ಲೂ ಓದಿ ಹೇಳಬೇಕಾಗುತ್ತದೆ. ಊರಿನ ಯಜಮಾನರು ಒಪ್ಪಿದರೆ ಊರವರೆಲ್ಲ ಒಪ್ಪಿದಂತಲ್ಲ. ಪ್ರತಿಯೊಬ್ಬರ ಸಹಿ ಬೇರೆ ಬೇರೆ ಬೇಕು. ಬೇಡ ಎನ್ನುವ ಹಕ್ಕು, ಕೊಟ್ಟ ಮೇಲೂ ವಾಪಸ್ ಪಡೆಯುವ ಹಕ್ಕು ಅವರಿಗಿದೆ ಎಂದು ಬಾಯಿಬಿಟ್ಟು ಹೇಳಿ.

ಒಂದು ವಿಷಯವನ್ನು ಮೊದಲೇ ಬರೆದಿಡಿ. ತಂದೆ, ತಾಯಿ, ಮಗು ಮೂವರ ಸ್ಯಾಂಪಲ್ ಇದ್ದರೆ, ಹೇಳಿದ ತಂದೆ ಮತ್ತು ಡಿಎನ್‌ಎ ತೋರಿಸುವ ತಂದೆ ಬೇರೆ ಎಂದು ಕೆಲವೊಮ್ಮೆ ಗೊತ್ತಾಗಿಬಿಡುತ್ತದೆ. ಅದನ್ನು ಯಾರಿಗೂ ತಿಳಿಸುವುದಿಲ್ಲ ಎಂಬ ನಿಯಮ ಒಪ್ಪಿಗೆ ಪತ್ರದಲ್ಲೇ ಇರಬೇಕು. ಒಂದು ಸಂಸಾರದ ನೆಮ್ಮದಿಯ ಮಾತಿದು.

ಹೆಸರಿನ ಬದಲು ಕೋಡ್ ಬಳಸಿ. ಆದರೆ ಅಷ್ಟೇ ಸಾಲದು. ನೂರು ಮನೆಯ ಹಳ್ಳಿಯ ಹೆಸರು, ಬೆಡಗು, ವಯಸ್ಸು ಮೂರನ್ನೂ ಪ್ರಕಟಿಸಿದರೆ ಆ ವ್ಯಕ್ತಿ ಯಾರೆಂದು ಊರವರಿಗೆ ತಕ್ಷಣ ಗೊತ್ತಾಗುತ್ತದೆ. ತಾಲ್ಲೂಕಿನ ಮಟ್ಟಕ್ಕೇ ನಿಲ್ಲಿಸಿ.

## ಹಂತ 3: ಯಾರ ಸ್ಯಾಂಪಲ್ ತೆಗೆದುಕೊಳ್ಳಬೇಕು

ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇಲ್ಲಿಯೇ. ವ್ಯಕ್ತಿ ಈಗ ಎಲ್ಲಿದ್ದಾರೆ ಎಂಬುದು ಮುಖ್ಯವಲ್ಲ. ಅವರ ಅಜ್ಜ ಅಜ್ಜಿಯರು ನಾಲ್ವರೂ ಎಲ್ಲಿ ಹುಟ್ಟಿದರು ಎಂದು ಕೇಳಿ. ತಂದೆಯ ತಂದೆ, ತಂದೆಯ ತಾಯಿ, ತಾಯಿಯ ತಂದೆ, ತಾಯಿಯ ತಾಯಿ. ನಾಲ್ಕು ಕಾಲಂ, ನಾಲ್ಕು ಊರು.

ಕೆಜಿಎಫ್ ಇದಕ್ಕೆ ಒಳ್ಳೆಯ ಉದಾಹರಣೆ. 1880ರ ದಶಕದಲ್ಲಿ ಚಿನ್ನದ ಗಣಿ ದೊಡ್ಡದಾದ ಮೇಲೆ ತಮಿಳು ಸೀಮೆಯಿಂದ ಸಾವಿರಾರು ಕುಟುಂಬಗಳು ಅಲ್ಲಿಗೆ ಬಂದವು. 2001ರಲ್ಲಿ ಗಣಿ ಮುಚ್ಚಿದರೂ ಜನ ಅಲ್ಲೇ ಇದ್ದಾರೆ. ಅವರು ಕೋಲಾರ ಜಿಲ್ಲೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ "ಕೋಲಾರ" ಎಂಬ ಒಂದೇ ಲೇಬಲ್ ಅಡಿ ಕೆಜಿಎಫ್‌ನವರನ್ನೂ ಶ್ರೀನಿವಾಸಪುರದ ಹಳ್ಳಿಯವರನ್ನೂ ಸೇರಿಸಿದರೆ, ನೂರೈವತ್ತು ವರ್ಷದ ವಲಸೆಯೇ ನಿಮ್ಮ ಫಲಿತಾಂಶದಲ್ಲಿ "ಪ್ರಾಚೀನ ಬೆರಕೆ" ಎಂಬಂತೆ ಕಾಣುತ್ತದೆ.

ಪಾವಗಡದ್ದು ಬೇರೆ ಕಥೆ. ತುಮಕೂರು ಜಿಲ್ಲೆಗೆ ಸೇರಿದರೂ ಅದರ ಹೆಚ್ಚಿನ ಸುತ್ತು ಆಂಧ್ರ. ಮದುವೆ ಸಂಬಂಧಗಳು ಮಡಕಶಿರಾ, ಹಿಂದೂಪುರದ ಕಡೆಗೂ ಹೋಗುತ್ತವೆ. ರಾಜ್ಯದ ಗಡಿಯನ್ನು ಜನಸಮುದಾಯದ ಗಡಿ ಎಂದುಕೊಂಡರೆ ಅಲ್ಲಿ ಅರ್ಥವೇ ಇರುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಇವನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ: ಸಮುದಾಯ, ಒಳಪಂಗಡ, ಬೆಡಗು ಅಥವಾ ಗೋತ್ರ, ಮನೆಮಾತು, ಅಜ್ಜ ಅಜ್ಜಿಯರ ಊರು, ಹೆಣ್ಣು ತರುವ ಊರುಗಳು. ಒಂದೇ ಕಾಲಂನಲ್ಲಿ "ಒಕ್ಕಲಿಗ" ಅಥವಾ "ಗೊಲ್ಲ" ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಒಂದೇ ಹೆಸರಿನೊಳಗೆ, ತಮ್ಮತಮ್ಮಲ್ಲಿ ಮಾತ್ರ ಮದುವೆಯಾಗುವ ಹಲವು ಪಂಗಡಗಳಿರುತ್ತವೆ. ಡಿಎನ್‌ಎ ಮಟ್ಟದಲ್ಲಿ ಗುಂಪು ಎಂದರೆ ಮದುವೆಯ ವಲಯ. ಜನಗಣತಿಯ ಹೆಸರು ಅದರ ಜೊತೆ ಹೊಂದಲೇಬೇಕು ಎಂದೇನಿಲ್ಲ.

ಎಷ್ಟು ಜನ? ಒಂದು ಪಂಗಡಕ್ಕೆ ಪರಸ್ಪರ ಸಂಬಂಧವಿಲ್ಲದ 15ರಿಂದ 20 ಜನ ಇದ್ದರೆ ಮುಂದಿನ ಹಂತಗಳೆಲ್ಲ ನಡೆಯುತ್ತವೆ. ಒಂದೇ ಹಳ್ಳಿಯಿಂದ 20 ಜನರನ್ನು ತೆಗೆದುಕೊಂಡರೆ ಸಿಗುವುದು ಎರಡು ಮೂರು ಮನೆತನ ಮಾತ್ರ. ಐದಾರು ಹಳ್ಳಿಗಳಿಂದ ಮೂರು ಮೂರು ಜನರನ್ನು ತೆಗೆದುಕೊಳ್ಳಿ.

ಎಂಜಲಿನ ಸ್ಯಾಂಪಲ್ ಆದರೆ ಅರ್ಧ ಗಂಟೆ ಮುಂಚೆಯಿಂದ ಊಟ, ಕಾಫಿ, ಬೀಡಿ, ಎಲೆ ಅಡಿಕೆ ಏನೂ ಬೇಡ. ಬಾಯಿ ಮುಕ್ಕಳಿಸಿ ಕಾಯಲು ಹೇಳಿ. ರಕ್ತ ಆದರೆ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬ್ ಬಳಸಿ. ಹೆಪಾರಿನ್ ಟ್ಯೂಬ್ ಬೇಡ, ಅದು ಪಿಸಿಆರ್‌ಗೆ, ಅಂದರೆ ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಕೆಲಸಕ್ಕೆ, ಅಡ್ಡಿ ಮಾಡುತ್ತದೆ.

## ಹಂತ 4: ಯಾವ ಗುರುತು ಯಾವ ಪ್ರಶ್ನೆಗೆ

ಮೈಟೋಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಉದ್ದ 16,569 ಅಕ್ಷರ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ. ಎರಡೂ ಒಂದೊಂದೇ ಸಾಲನ್ನು ಹೇಳುತ್ತವೆ. ಹತ್ತು ತಲೆಮಾರು ಹಿಂದೆ ಹೋದರೆ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ. ಮೈಟೋಕಾಂಡ್ರಿಯ ಅದರಲ್ಲಿ ಒಂದರ ಕಥೆ ಹೇಳುತ್ತದೆ, ವೈ ಇನ್ನೊಂದರದ್ದು. ಉಳಿದ 1,022 ಸ್ಥಾನಗಳ ಬಗ್ಗೆ ಇವೆರಡಕ್ಕೂ ಏನೂ ಗೊತ್ತಿಲ್ಲ. ಒಬ್ಬರಲ್ಲಿ ಆರ್1ಎ ವೈ ಗುಂಪು ಸಿಕ್ಕಿತು ಎಂದು ಇಡೀ ಸಮುದಾಯದ ಮೂಲ ಬರೆಯಲು ಹೊರಡುವುದು ಆದ್ದರಿಂದಲೇ ತಪ್ಪು.

ಬೆಡಗಿನ ಪ್ರಶ್ನೆಗೆ ಮಾತ್ರ ವೈ ತುಂಬಾ ಒಳ್ಳೆಯದು. ಬೆಡಗು ತಂದೆಯ ಕಡೆಯಿಂದ ಬರುತ್ತದೆ, ವೈ ಕೂಡ ಹಾಗೆಯೇ. ವೈ ಮೇಲೆ ಮತ್ತೆ ಮತ್ತೆ ಬರುವ ಸಣ್ಣ ತುಣುಕುಗಳನ್ನು 17 ಅಥವಾ 23 ಜಾಗಗಳಲ್ಲಿ ಎಣಿಸುವ ವೈ ಎಸ್‌ಟಿಆರ್ ಕಿಟ್ ಇದಕ್ಕೆ ಸಾಕು. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋಗುವ ಪದ್ಧತಿ ಇರುವುದರಿಂದ, ಅದೇ ಹಳ್ಳಿಯಲ್ಲಿ ಮೈಟೋಕಾಂಡ್ರಿಯದ ವೈವಿಧ್ಯ ಜಾಸ್ತಿ, ವೈ ವೈವಿಧ್ಯ ಕಡಿಮೆ ಕಾಣಬಹುದು. ಅದನ್ನು ನೋಡಿ ಗಾಬರಿಯಾಗಬೇಡಿ.

ಸಮುದಾಯಗಳ ನಡುವಿನ ನಂಟಿನ ಪ್ರಶ್ನೆಗೆ ಉಳಿದ 22 ಜೋಡಿ ಕ್ರೋಮೋಸೋಮ್‌ಗಳ ಎಸ್‌ಎನ್‌ಪಿಗಳೇ, ಅಂದರೆ ಜನರ ನಡುವೆ ಒಂದೇ ಅಕ್ಷರ ಬದಲಾಗುವ ಜಾಗಗಳೇ, ಬೇಕು. ಐದಾರು ಲಕ್ಷ ಎಸ್‌ಎನ್‌ಪಿ ಓದುವ ಚಿಪ್ ಸಾಕಾಗುತ್ತದೆ. ಮುಂದಿನದೆಲ್ಲ ಇವುಗಳ ಬಗ್ಗೆಯೇ.

## ಹಂತ 5: ಡೇಟಾ ಶುದ್ಧ ಮಾಡಿ, ಇದೇ ಕ್ರಮದಲ್ಲಿ

ಪ್ಲಿಂಕ್‌ನಲ್ಲಿ ಎಲ್ಲ ಜರಡಿಗಳನ್ನೂ ಒಂದೇ ಕಮಾಂಡ್‌ನಲ್ಲಿ ಬರೆಯುವುದು ಸಾಮಾನ್ಯ ತಪ್ಪು. ನೀವು ಬರೆದ ಕ್ರಮದಲ್ಲಿ ಪ್ಲಿಂಕ್ ಕೆಲಸ ಮಾಡುವುದಿಲ್ಲ. ಅದಕ್ಕೆ ತನ್ನದೇ ಕ್ರಮವಿದೆ: ಮೊದಲು ವ್ಯಕ್ತಿಗಳನ್ನು ತೆಗೆಯುತ್ತದೆ, ಆಮೇಲೆ ಕೆಟ್ಟ ಎಸ್‌ಎನ್‌ಪಿಗಳನ್ನು. ಕೆಟ್ಟ ಎಸ್‌ಎನ್‌ಪಿಗಳ ದೆಸೆಯಿಂದ ಒಳ್ಳೆಯ ಸ್ಯಾಂಪಲ್‌ಗಳು ಹೊರಗೆ ಹೋಗುತ್ತವೆ. ಆದ್ದರಿಂದ ಒಂದೊಂದು ಜರಡಿಗೆ ಒಂದೊಂದು ಕಮಾಂಡ್ ಕೊಡಿ.

ಮೊದಲು, ಶೇ. 10ಕ್ಕಿಂತ ಹೆಚ್ಚು ಜನರಲ್ಲಿ ಓದಲಾಗದ ಎಸ್‌ಎನ್‌ಪಿಗಳನ್ನು ತೆಗೆಯಿರಿ. ಎರಡನೆಯದು, ಶೇ. 5ಕ್ಕಿಂತ ಹೆಚ್ಚು ಎಸ್‌ಎನ್‌ಪಿ ಕಾಣೆಯಾದ ವ್ಯಕ್ತಿಗಳನ್ನು ತೆಗೆಯಿರಿ. ಮೂರನೆಯದು, ಮತ್ತೆ ಎಸ್‌ಎನ್‌ಪಿಗಳಿಗೆ ಬನ್ನಿ, ಈ ಸಲ ಮಿತಿ ಶೇ. 2.

ನಂತರ ಲಿಂಗ ಪರೀಕ್ಷೆ. ಎಕ್ಸ್ ಕ್ರೋಮೋಸೋಮ್‌ನ ಎಫ್ ಬೆಲೆ (ಒಂದೇ ಜಾಗದಲ್ಲಿ ಎರಡು ಬೇರೆ ಅಕ್ಷರ ಎಷ್ಟು ಕಡಿಮೆ ಕಾಣುತ್ತವೆ ಎಂಬುದರ ಅಳತೆ; ಹಂತ 10ರ ಎಫ್ ಅಂಕಿಗಳು ಬೇರೆ) 0.2ಕ್ಕಿಂತ ಕಡಿಮೆ ಇದ್ದರೆ ಹೆಣ್ಣು, 0.8ಕ್ಕಿಂತ ಜಾಸ್ತಿ ಇದ್ದರೆ ಗಂಡು ಎಂದು ಪ್ಲಿಂಕ್ ಹೇಳುತ್ತದೆ. ನೋಂದಣಿ ಪುಸ್ತಕದ ಜೊತೆ ಹೊಂದದಿದ್ದರೆ ಟ್ಯೂಬ್ ಅದಲುಬದಲಾಗಿರಬಹುದು. ಆದರೆ ರಕ್ತಸಂಬಂಧದ ಮದುವೆಯಿಂದ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಈ ಬೆಲೆ 0.2 ದಾಟುವುದುಂಟು. ವೈ ಕ್ರೋಮೋಸೋಮ್ ಓದಿದೆಯೇ ಎಂದು ನೋಡಿಯೇ ತೀರ್ಮಾನಿಸಿ.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಗೆ ವಿಶೇಷವಾಗಿ ಬೇಕು. ಹೊರದೇಶದ ಪಾಠಗಳಲ್ಲಿ "ಹೆಟೆರೋಜೈಗೋಸಿಟಿ ಸರಾಸರಿಯಿಂದ ಮೂರು ಎಸ್‌ಡಿ ಆಚೆ ಇರುವವರನ್ನು ತೆಗೆಯಿರಿ" ಎಂದಿರುತ್ತದೆ. ಹೆಟೆರೋಜೈಗೋಸಿಟಿ ಎಂದರೆ ತಂದೆ, ತಾಯಿಯಿಂದ ಬೇರೆ ಬೇರೆ ಅಕ್ಷರ ಬಂದ ಜಾಗಗಳ ಪ್ರಮಾಣ. ಎಸ್‌ಡಿ ಎಂದರೆ ಸರಾಸರಿಯ ಸುತ್ತ ಹರಡಿಕೆಯ ಅಳತೆ. ಮೇಲಿನ ತುದಿಗೆ ಆ ಮಾತು ಸರಿ. ಇಬ್ಬರ ಡಿಎನ್‌ಎ ಬೆರೆತರೆ ಬೆಲೆ ಏರುತ್ತದೆ. ಕೆಳಗಿನ ತುದಿಯಲ್ಲಿ ಇರುವವರು ಸೋದರಮಾವನನ್ನು ಮದುವೆಯಾದ ಹೆಣ್ಣಿನ ಮಕ್ಕಳೋ, ಅತ್ತೆ ಮಗಳನ್ನು ಮದುವೆಯಾದವರ ಮಕ್ಕಳೋ ಆಗಿರಬಹುದು. ಅದು ಸ್ಯಾಂಪಲ್‌ನ ದೋಷವಲ್ಲ. ಅವರನ್ನು ಸುಮ್ನೆ ಕಿತ್ತುಹಾಕಿದರೆ ಸಮುದಾಯದ ನಿಜವಾದ ಚಿತ್ರವೇ ಬದಲಾಗುತ್ತದೆ.

ನಿರೀಕ್ಷಿತ ಪ್ರಮಾಣಕ್ಕೆ ಹೊಂದದ ಎಸ್‌ಎನ್‌ಪಿಗಳನ್ನು ತೆಗೆಯುವ ಹಾರ್ಡಿ ವೈನ್‌ಬರ್ಗ್ ಜರಡಿಯನ್ನು ಪ್ರತಿ ಗುಂಪಿಗೂ ಬೇರೆಯಾಗಿ ಹಾಕಿ. ಪಿ ಬೆಲೆಯ (ಆಕಸ್ಮಿಕವಾಗಿ ಹೀಗಾಗುವ ಸಾಧ್ಯತೆಯ) ಮಿತಿ ಹತ್ತು ಲಕ್ಷದಲ್ಲಿ ಒಂದು. ಎಲ್ಲ ಗುಂಪನ್ನೂ ಸೇರಿಸಿ ಹಾಕಿದರೆ, ಗುಂಪುಗಳ ನಡುವೆ ವ್ಯತ್ಯಾಸ ತೋರಿಸುವ ಎಸ್‌ಎನ್‌ಪಿಗಳೇ ಮೊದಲು ಹೋಗುತ್ತವೆ. ನೀವು ಹುಡುಕಲು ಹೊರಟಿದ್ದೇ ಅವನ್ನು.

## ಹಂತ 6: ಸಂಬಂಧಿಕರನ್ನು ಹುಡುಕಿ ತೆಗೆಯಿರಿ

ಪಿಸಿಎ, ಅಡ್ಮಿಕ್ಸ್‌ಚರ್ ಎರಡೂ ಎಲ್ಲರೂ ಪರಸ್ಪರ ಬೇರೆಯವರು ಎಂದುಕೊಂಡೇ ಲೆಕ್ಕ ಹಾಕುತ್ತವೆ. ಒಂದು ಮನೆಯ ಐದು ಜನ ಒಳಗಿದ್ದರೆ ಆ ಮನೆಯೇ ಒಂದು "ಜನಾಂಗ" ಎಂಬಂತೆ ಕಾಣುತ್ತದೆ.

ಕಿಂಗ್ ಓಡಿಸಿ. ಬಂಧುತ್ವದ ಅಂಕಿ 0.354ಕ್ಕಿಂತ ಜಾಸ್ತಿ ಇದ್ದರೆ ಒಂದೇ ಸ್ಯಾಂಪಲ್ ಎರಡು ಸಲ ಬಂದಿದೆ, ಇಲ್ಲವೇ ಒಂದೇ ತತ್ತಿಯ ಅವಳಿ. 0.177ರಿಂದ 0.354ರವರೆಗೆ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು. 0.0884ರಿಂದ 0.177ರವರೆಗೆ ಅಜ್ಜ ಮೊಮ್ಮಗ, ಸೋದರಮಾವ ಸೊಸೆಯಂಥ ಎರಡನೆಯ ಹಂತದ ನಂಟು. 0.0442ರಿಂದ 0.0884ರವರೆಗೆ ಅತ್ತೆ ಮಾವನ ಮಕ್ಕಳು.

ಪ್ಲಿಂಕ್‌ನಲ್ಲೂ ಸಂಬಂಧ ಅಳೆಯುವ ಆಯ್ಕೆ ಇದೆ. ಅದು ಇಡೀ ಡೇಟಾ ಒಂದೇ ಗುಂಪು ಎಂದು ಭಾವಿಸುತ್ತದೆ. ಬೇರೆ ಬೇರೆ ಪಂಗಡ ಇರುವಾಗ, ಒಂದೇ ಪಂಗಡದ ಅಪರಿಚಿತರನ್ನೂ ನೆಂಟರು ಎಂದು ತೋರಿಸುತ್ತದೆ. ಕಿಂಗ್‌ನಲ್ಲಿ ಈ ತೊಂದರೆ ಕಡಿಮೆ. ಅದರಲ್ಲಿ ಬೇರೆ ಗುಂಪಿನ ಇಬ್ಬರಿಗೆ ಸೊನ್ನೆಗಿಂತ ಕಡಿಮೆ ಅಂಕಿ ಬಂದರೆ ತಪ್ಪಾಯಿತು ಎಂದುಕೊಳ್ಳಬೇಡಿ, ಅದು ಸಹಜ.

ನಮ್ಮ ಹಳ್ಳಿಗಳಲ್ಲಿ ಒಬ್ಬರಿಗೊಬ್ಬರು ಎರಡು ಮೂರು ದಾರಿಯಿಂದ ನೆಂಟರಾಗಿರುತ್ತಾರೆ. ತಾಯಿಯ ಕಡೆಯಿಂದ ಮಾವ, ತಂದೆಯ ಕಡೆಯಿಂದ ದೊಡ್ಡಪ್ಪನ ಮಗ, ಹೀಗೆ. ಆಗ ಅಂಕಿಗಳು ಮೇಲಿನ ಮನೆಗಳಲ್ಲಿ ಅಚ್ಚುಕಟ್ಟಾಗಿ ಕೂರುವುದಿಲ್ಲ. ನೀವು ಬರೆದುಕೊಂಡ ವಂಶಾವಳಿಯ ಜೊತೆ ಇಟ್ಟು ನೋಡಿ. 0.0884 ದಾಟಿದ ಪ್ರತಿ ಜೋಡಿಯಲ್ಲಿ, ಡೇಟಾ ಕಡಿಮೆ ಇರುವ ಒಬ್ಬರನ್ನು ತೆಗೆಯಿರಿ. ಅಳಿಸಬೇಡಿ, ಬೇರೆ ಫೈಲ್‌ನಲ್ಲಿಡಿ. ಮುಂದೆ ಹಂತ 11ರಲ್ಲಿ ಬೇಕಾಗುತ್ತಾರೆ.

## ಹಂತ 7: ಹೋಲಿಕೆ ಗುಂಪುಗಳನ್ನು ಸೇರಿಸಿ

ಸಾರ್ವಜನಿಕವಾಗಿ ಸಿಗುವವು ಇವು. 1000 ಜೀನೋಮ್ಸ್ ಮೂರನೆಯ ಹಂತ: 26 ಗುಂಪು, 2,504 ಜನ. ದಕ್ಷಿಣ ಏಷ್ಯಾದ ಗುಂಪು ಐದು: ಗುಜರಾತಿ, ಪಂಜಾಬಿ, ಬಂಗಾಳಿ, ತೆಲುಗು, ಶ್ರೀಲಂಕಾ ತಮಿಳು. ಎಚ್‌ಜಿಡಿಪಿ ಎಂಬ ಇನ್ನೊಂದು ಜಾಗತಿಕ ಡಿಎನ್‌ಎ ಸಂಗ್ರಹ: 50ಕ್ಕೂ ಹೆಚ್ಚು ಗುಂಪುಗಳಿವೆ, ಪಾಕಿಸ್ತಾನದ ಹಲವು ಗುಂಪುಗಳೂ ಇವೆ, ಭಾರತದೊಳಗಿನ ಒಂದೂ ಇಲ್ಲ. ಹಳೆಯ ಡಿಎನ್‌ಎ ಬೇಕಾದರೆ ಹಾರ್ವರ್ಡ್‌ನ ರೈಕ್ ಪ್ರಯೋಗಾಲಯದ ಸಂಗ್ರಹವಿದೆ. ಭಾರತದೊಳಗಿನ ಹೋಲಿಕೆಗೆ ಜೀನೋಮ್ ಇಂಡಿಯಾದ 10,000 ಜೀನೋಮ್‌ಗಳು ಫರೀದಾಬಾದ್‌ನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿವೆ. ಅದಕ್ಕೆ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು. ಸಮಯ ಹಿಡಿಯುತ್ತದೆ, ಹಾಗಾಗಿ ಹಂತ 1 ಮುಗಿದ ಕೂಡಲೇ ಹಾಕಿ.

ಅದು ಸಿಗದಿದ್ದರೆ ಪಕ್ಕದ ಸಮುದಾಯಗಳ ಸ್ಯಾಂಪಲ್‌ಗಳನ್ನು ನೀವೇ, ಅದೇ ಚಿಪ್‌ನಲ್ಲಿ ಓದಿಸಿ. ಒಂದೇ ಸಮುದಾಯದ 60 ಜನರಿಗಿಂತ ನೆರೆಯ ನಾಲ್ಕು ಸಮುದಾಯಗಳ 15 ಜನರಂತೆ ತೆಗೆದುಕೊಳ್ಳುವುದು ಎಷ್ಟೋ ಮೇಲು.

ಸೇರಿಸುವಾಗ ಮೂರು ಅಪಾಯಗಳಿವೆ.

ಮೊದಲನೆಯದು ಬಿಲ್ಡ್, ಅಂದರೆ ಎಸ್‌ಎನ್‌ಪಿಗಳ ಜಾಗ ಎಣಿಸಲು ಬಳಸಿದ ಆಧಾರ ಜೀನೋಮ್‌ನ ಆವೃತ್ತಿ. ಮೂರನೆಯ ಹಂತದ 1000 ಜೀನೋಮ್ಸ್ ಬಿಲ್ಡ್ 37ರಲ್ಲಿದೆ. ಹೊಸ ಡೇಟಾ ಬಿಲ್ಡ್ 38ರಲ್ಲಿರಬಹುದು. ಗೊತ್ತಿರುವ ಒಂದು ಎಸ್‌ಎನ್‌ಪಿ ಹಿಡಿದು ನೋಡಿ. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಗುಣಕ್ಕೆ ನಂಟಿರುವ ಆರ್‌ಎಸ್ 4988235 ಎರಡನೆಯ ಕ್ರೋಮೋಸೋಮ್‌ನಲ್ಲಿದೆ. ಜಾಗ 136608646 ಎಂದಿದ್ದರೆ ಬಿಲ್ಡ್ 37. 135851076 ಎಂದಿದ್ದರೆ ಬಿಲ್ಡ್ 38. ಬೇರೆ ಬೇರೆ ಇದ್ದರೆ ಲಿಫ್ಟ್‌ಓವರ್ ಎಂಬ ಸಾಧನದಿಂದ ಒಂದಕ್ಕೆ ತನ್ನಿ.

ಎರಡನೆಯದು ಎಳೆ. ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದನ್ನು ಓದಿದ್ದಾರೆ ಎಂಬುದು ಚಿಪ್‌ನಿಂದ ಚಿಪ್‌ಗೆ ಬದಲಾಗುತ್ತದೆ. ಎ ಮತ್ತು ಟಿ, ಸಿ ಮತ್ತು ಜಿ ಜೋಡಿಯ ಎಸ್‌ಎನ್‌ಪಿಗಳಲ್ಲಿ ಎಳೆ ತಿರುಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಅವನ್ನು ಪೂರ್ತಿ ತೆಗೆಯಿರಿ. ಉಳಿದವು ತಿರುಗಿದ್ದರೆ ಪ್ಲಿಂಕ್ ದೋಷ ತೋರಿಸುತ್ತದೆ, ಸರಿಪಡಿಸಬಹುದು.

ಮೂರನೆಯದು ಉಳಿಯುವ ಸಂಖ್ಯೆ. ಖಂಡಗಳ ನಡುವಿನ ವ್ಯತ್ಯಾಸ ನೋಡಲು 10,000 ಎಸ್‌ಎನ್‌ಪಿ ಸಾಕು. ಒಂದೇ ಖಂಡದೊಳಗೆ, ಅದರಲ್ಲೂ ಅಕ್ಕಪಕ್ಕದ ತಾಲ್ಲೂಕುಗಳ ನಡುವೆ ನೋಡಲು ಒಂದು ಲಕ್ಷದ ಆಸುಪಾಸು ಬೇಕು. ಸೇರಿಸಿದ ಮೇಲೆ ಇಪ್ಪತ್ತು ಮೂವತ್ತು ಸಾವಿರ ಮಾತ್ರ ಉಳಿದರೆ ಅಲ್ಲೇ ನಿಲ್ಲಿಸಿ, ಬಿಲ್ಡ್ ಮತ್ತು ಎಸ್‌ಎನ್‌ಪಿ ಹೆಸರುಗಳನ್ನು ಮತ್ತೆ ನೋಡಿ.

## ಹಂತ 8: ಪಿಸಿಎ

ಪಿಸಿಎಗೆ ಮುಂಚೆ ಒಂದಕ್ಕೊಂದು ಅಂಟಿಕೊಂಡು ಬರುವ ಎಸ್‌ಎನ್‌ಪಿಗಳನ್ನು ಕಡಿಮೆ ಮಾಡಿ. ಪ್ಲಿಂಕ್‌ನಲ್ಲಿ 50, 10, 0.1 ಎಂಬ ಮೂರು ಅಂಕಿ ಕೊಟ್ಟರೆ ಸರಿಹೋಗುತ್ತದೆ. ಆರನೆಯ ಕ್ರೋಮೋಸೋಮ್‌ನ ಎಚ್‌ಎಲ್‌ಎ ಪ್ರದೇಶ, ಅಂದರೆ 25ರಿಂದ 35 ಮೆಗಾಬೇಸ್ (ಒಂದು ಮೆಗಾಬೇಸ್ ಎಂದರೆ ಹತ್ತು ಲಕ್ಷ ಅಕ್ಷರ), ಮತ್ತು ಎಂಟನೆಯದರ 8ರಿಂದ 12 ಮೆಗಾಬೇಸ್ ಭಾಗವನ್ನು ಪೂರ್ತಿ ಬಿಡಿ. ಈ ಫೈಲನ್ನು ಬೇರೆ ಹೆಸರಿನಲ್ಲಿಡಿ. ಎಫ್ ಅಂಕಿಗಳಿಗೆ ಕಡಿಮೆ ಮಾಡದ ಫೈಲೇ ಬೇಕು.

ಸ್ಮಾರ್ಟ್‌ಪಿಸಿಎಯಲ್ಲಿ ಎರಡು ಗುಂಡಿಗಳಿವೆ, ತುಂಬಾ ಜನ ಬೀಳುತ್ತಾರೆ. ಪ್ಲಿಂಕ್‌ನ ಫ್ಯಾಮ್ ಫೈಲ್‌ನ ಆರನೆಯ ಕಾಲಂನಲ್ಲಿ ಮೈನಸ್ 9 ಇದ್ದರೆ ಆ ವ್ಯಕ್ತಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲರಿಗೂ 1 ಎಂದು ಬದಲಿಸಿ. ಇನ್ನೊಂದು, ಗುಂಪಿನಿಂದ ದೂರ ಇರುವವರನ್ನು ಅದು ತಾನಾಗಿಯೇ ಐದು ಸುತ್ತಿನಲ್ಲಿ ಹೊರಗೆ ಹಾಕುತ್ತದೆ. ಮೊದಲ ಸಲ ಆ ಸುತ್ತುಗಳನ್ನು ಸೊನ್ನೆ ಮಾಡಿ. ಯಾರು ದೂರ ಇದ್ದಾರೆ, ಯಾಕೆ ಎಂದು ನೀವೇ ನೋಡಬೇಕು.

ಚಿತ್ರ ಬಂದ ಮೇಲೆ ಅರ್ಥ ಮಾಡುವ ಮುಂಚೆ ತಪ್ಪು ಹುಡುಕಿ. ಸಮುದಾಯದ ಬದಲು ಚಿಪ್‌ಗೆ ಬಣ್ಣ ಕೊಟ್ಟು ಅದೇ ಚಿತ್ರ ಬಿಡಿಸಿ. ಚಿಪ್ ಪ್ರಕಾರ ಚುಕ್ಕಿಗಳು ಬೇರೆಯಾದರೆ ಹಂತ 7ಕ್ಕೆ ವಾಪಸ್. ಒಂದಿಡೀ ಅಕ್ಷವನ್ನು ನಾಲ್ಕೈದು ಜನ ಮಾತ್ರ ಎಳೆದುಕೊಂಡಿದ್ದರೆ ಹಂತ 6ಕ್ಕೆ ವಾಪಸ್, ಅವರು ಒಂದೇ ಮನೆಯವರಿರಬಹುದು. ಒಂದು ಗುಂಪಿನಲ್ಲಿ 100 ಜನ, ಇನ್ನೊಂದರಲ್ಲಿ 10 ಜನ ಇದ್ದರೆ ದೊಡ್ಡ ಗುಂಪೇ ಚಿತ್ರವನ್ನು ಆಳುತ್ತದೆ. ಸಂಖ್ಯೆ ಸಮ ಮಾಡಿ ಮತ್ತೆ ಓಡಿಸಿ.

ಯುರೋಪ್, ಪೂರ್ವ ಏಷ್ಯಾದ ಗುಂಪುಗಳೂ ಒಳಗಿದ್ದರೆ ಭಾರತದ ಹೆಚ್ಚಿನ ಗುಂಪುಗಳು ಒಂದು ಓರೆ ಸಾಲಿನಲ್ಲಿ ಹರಡಿಕೊಳ್ಳುತ್ತವೆ. ಉತ್ತರ ಭಾರತದ ಪೂರ್ವಜ ಅಂಶ ಮತ್ತು ದಕ್ಷಿಣ ಭಾರತದ ಪೂರ್ವಜ ಅಂಶ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುವುದರಿಂದ ಹೀಗಾಗುತ್ತದೆ. ನಿಮ್ಮ ಸ್ಯಾಂಪಲ್‌ಗಳು ಆ ಸಾಲಿನಿಂದ ತುಂಬಾ ದೂರ, ಯಾರೂ ಇಲ್ಲದ ಕಡೆ ಬಿದ್ದಿದ್ದರೆ, ಹೊಸ ಸಂಶೋಧನೆ ಎನ್ನುವ ಮುಂಚೆ ಡೇಟಾ ದೋಷವನ್ನೇ ಅನುಮಾನಿಸಿ.

## ಹಂತ 9: ಅಡ್ಮಿಕ್ಸ್‌ಚರ್, ಮತ್ತು ಅದನ್ನು ಓದುವ ರೀತಿ

ಕೆ ಎಂಬ ಅಂಕಿಯನ್ನು, ಅಂದರೆ ಎಷ್ಟು ಪೂರ್ವಜ ಗುಂಪುಗಳಿಗೆ ಹಂಚಬೇಕು ಎಂಬುದನ್ನು, 2ರಿಂದ 8ರವರೆಗೆ ಬದಲಿಸಿ. ಪ್ರತಿ ಕೆಗೂ ಬೇರೆ ಬೇರೆ ಸೀಡ್ (ಲೆಕ್ಕ ಶುರುವಾಗುವ ಅಂಕಿ) ಕೊಟ್ಟು ಹತ್ತು ಸಲ ಓಡಿಸಿ. ಪ್ರತಿ ಸಲ ಬೇರೆ ಚಿತ್ರ ಬಂದರೆ ಆ ಕೆಯನ್ನು ನಂಬಬೇಡಿ. ಕ್ರಾಸ್ ವ್ಯಾಲಿಡೇಷನ್ ದೋಷ (ಮುಚ್ಚಿಟ್ಟ ಡೇಟಾವನ್ನು ಊಹಿಸುವಾಗ ಆಗುವ ತಪ್ಪು) ಕಡಿಮೆ ಇರುವ ಕೆ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ, ಅಷ್ಟೇ. ನಿಜವಾಗಿ ಅಷ್ಟೇ ಪೂರ್ವಜ ಜನಾಂಗಗಳಿದ್ದವು ಎಂದು ಅದು ಹೇಳುತ್ತಿಲ್ಲ.

ಈಗ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪಾಗುವ ಮಾತಿಗೆ ಬರೋಣ. ಒಂದು ಸಮುದಾಯಕ್ಕೆ ಪೂರ್ತಿ ಒಂದೇ ಬಣ್ಣ ಬಂದರೆ "ಇವರು ಶುದ್ಧರು, ಬೆರಕೆಯಾಗಿಲ್ಲ" ಎಂದು ಬರೆಯುತ್ತಾರೆ. ಹಾಗಲ್ಲ. ಕೆಲವೇ ಪೂರ್ವಜರಿಂದ ಬೆಳೆದು, ತಮ್ಮೊಳಗೇ ಮದುವೆಯಾಗುತ್ತಾ ಬಂದ ಸಣ್ಣ ಗುಂಪಿನಲ್ಲಿ ಜೀನ್ ಪ್ರಮಾಣಗಳು ಆಕಸ್ಮಿಕವಾಗಿ ಒಂದು ಕಡೆಗೆ ವಾಲುತ್ತವೆ. ಸಾಫ್ಟ್‌ವೇರ್‌ಗೆ ಆ ವಾಲಿಕೆ ಎದ್ದು ಕಾಣುತ್ತದೆ, ಅದಕ್ಕೊಂದು ಬಣ್ಣ ಕೊಡುತ್ತದೆ. ಪಾಕಿಸ್ತಾನದ ಕಲಾಶ್ ಜನರಿಗೆ ಪ್ರತ್ಯೇಕ ಬಣ್ಣ ಬರುವುದು ಇದರಿಂದಲೇ. ಹಿಂದೆ ಎಷ್ಟೇ ಬೆರಕೆಯಾಗಿದ್ದರೂ ಹೀಗಾಗಬಹುದು. ಆಮೇಲೆ ಆ ಗುಂಪಿನ ಬಣ್ಣ ಪಕ್ಕದ ಸಮುದಾಯದಲ್ಲಿ ಸ್ವಲ್ಪ ಕಂಡರೆ "ಇವರಿಂದ ಅವರಿಗೆ ಬಂತು" ಎಂದು ಬರೆಯುವುದು ಎರಡನೆಯ ತಪ್ಪು. ಬಣ್ಣಕ್ಕೆ ದಿಕ್ಕಿಲ್ಲ.

ಇದಕ್ಕೆ ಸುಲಭದ ಪರೀಕ್ಷೆ ಇದೆ. ಆ ಸಮುದಾಯದಿಂದ ಮೂರೇ ಜನರನ್ನು ಉಳಿಸಿ ಮತ್ತೆ ಓಡಿಸಿ. ಪ್ರತ್ಯೇಕ ಬಣ್ಣ ಮಾಯವಾಗಿ ನೆರೆಯವರ ಬಣ್ಣಗಳೇ ಬಂದರೆ, ಮೊದಲು ಕಂಡ ಬಣ್ಣ ಒಳಮದುವೆಯ ಗುರುತು, ಪ್ರಾಚೀನ ಮೂಲದ್ದಲ್ಲ.

ಸೂಪರ್‌ವೈಸ್ಡ್ ವಿಧಾನದಲ್ಲಿ ತೆಲುಗು, ತಮಿಳು ಗುಂಪುಗಳನ್ನು "ಮೂಲ" ಎಂದು ಕೊಟ್ಟು ಓಡಿಸಲೇಬೇಡಿ. ಆ ಸಾರ್ವಜನಿಕ ಫೈಲ್‌ಗಳಲ್ಲಿ ಸಮುದಾಯ, ಜಿಲ್ಲೆ ಯಾವುದೂ ಬರೆದಿಲ್ಲ. ಅವರು ಯಾರಿಗೂ ಪೂರ್ವಜರಲ್ಲ, ನಮ್ಮ ಕಾಲದವರೇ.

## ಹಂತ 10: ಎಫ್‌ಎಸ್‌ಟಿ ಮತ್ತು ಎಫ್ ಅಂಕಿಗಳಿಂದ ಪರೀಕ್ಷಿಸಿ

ಚಿತ್ರಗಳು ಊಹೆ ಕೊಡುತ್ತವೆ, ಪರೀಕ್ಷೆ ಇಲ್ಲಿ ನಡೆಯುತ್ತದೆ. ಎಫ್‌ಎಸ್‌ಟಿ ಎರಡು ಗುಂಪುಗಳ ದೂರದ ಅಳತೆ. ಭಾರತದ ಗುಂಪುಗಳ ನಡುವೆ ಇದು ಯುರೋಪಿನ ಗುಂಪುಗಳಿಗಿಂತ ಜಾಸ್ತಿ ಇರುತ್ತದೆ. ಆದರೆ ಒಂದು ಗುಂಪು ಬಹಳ ಕಾಲ ತನ್ನೊಳಗೇ ಮದುವೆ ಮಾಡಿಕೊಂಡಿದ್ದರೂ ಅಂಕಿ ಏರುತ್ತದೆ. ದೂರ ಜಾಸ್ತಿ ಎಂದರೆ ಬೇರೆಯಾಗಿ ಬಹಳ ಕಾಲವಾಯಿತು ಎಂದೇ ಅಲ್ಲ.

ಎಫ್3 ಒಂದು ಗುಂಪು ಎರಡು ಬೇರೆ ಗುಂಪುಗಳಂಥವರ ಬೆರಕೆಯೇ ಎಂದು ನೋಡುತ್ತದೆ. ಬೆಲೆ ಸೊನ್ನೆಗಿಂತ ಕಡಿಮೆ ಇದ್ದು, ಝಡ್ ಅಂಕಿ (ಬೆಲೆ ಆಕಸ್ಮಿಕವಲ್ಲ ಎಂಬ ಭರವಸೆಯ ಅಳತೆ) ಮೈನಸ್ 3ಕ್ಕಿಂತ ಕೆಳಗಿದ್ದರೆ ಬೆರಕೆ ಖಚಿತ. ಸೊನ್ನೆಗಿಂತ ಮೇಲಿದ್ದರೆ ಬೆರಕೆ ಇಲ್ಲ ಎಂದು ಹೇಳುವಂತಿಲ್ಲ. ಒಳಮದುವೆ ಹೆಚ್ಚಿರುವ ಗುಂಪಿನಲ್ಲಿ ಬೆರಕೆಯ ಗುರುತು ಮುಚ್ಚಿಹೋಗುತ್ತದೆ. ನಮ್ಮ ಕಡೆಯ ಎಷ್ಟೋ ಗುಂಪುಗಳಿಗೆ ಇದು ಅನ್ವಯಿಸುತ್ತದೆ.

ಎಫ್4 ನಾಲ್ಕು ಗುಂಪುಗಳನ್ನು ಹೋಲಿಸುತ್ತದೆ, ಒಳಮದುವೆಯಿಂದ ಬರುವ ಆಕಸ್ಮಿಕ ವಾಲಿಕೆಗೆ ಅಷ್ಟಾಗಿ ಜಗ್ಗುವುದಿಲ್ಲ. ಹಂತ 1ರ ಪಾವಗಡ, ಕುಣಿಗಲ್ ಪ್ರಶ್ನೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ನಾಲ್ಕು ಜಾಗಗಳಲ್ಲಿ ಕ್ರಮವಾಗಿ ಪಾವಗಡದ ಗುಂಪು, ಕುಣಿಗಲ್‌ನ ಅದೇ ಹೆಸರಿನ ಗುಂಪು, ಪಾವಗಡದ ನೆರೆಯ ಬೇರೆ ಗುಂಪು, ಕೊನೆಗೆ ಆಫ್ರಿಕಾದ ಎಂಬುಟಿ ಅಥವಾ ಯೊರುಬಾದಂಥ ಹೊರಗುಂಪು ಇಡಿ. ಝಡ್ 3ಕ್ಕಿಂತ ಜಾಸ್ತಿ ಬಂದರೆ ಪಾವಗಡದವರು ಕುಣಿಗಲ್‌ನವರಿಗಿಂತ ಹೆಚ್ಚಾಗಿ ಆ ನೆರೆಯವರ ಜೊತೆ ಅಂಶ ಹಂಚಿಕೊಂಡಿದ್ದಾರೆ. ಮೈನಸ್ 3ರಿಂದ 3ರೊಳಗೆ ಇದ್ದರೆ ಈ ಡೇಟಾದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಷ್ಟೇ ಬರೆಯಿರಿ. ನೂರಾರು ಜೋಡಿಗಳನ್ನು ಓಡಿಸಿ ಅದರಲ್ಲಿ ಒಂದು 3 ದಾಟಿದ್ದನ್ನು ಮಾತ್ರ ವರದಿಯಲ್ಲಿ ಹಾಕುವುದು ತಪ್ಪು. ಎಲ್ಲವನ್ನೂ ಕೋಷ್ಟಕದಲ್ಲಿ ಕೊಡಿ.

ಬೆರಕೆಯ ಮಾದರಿ ಕಟ್ಟಿ ಪರೀಕ್ಷಿಸುವ ಕ್ಯೂಪಿಅಡ್ಮ್ ಬಳಸುವವರಿಗೆ ಒಂದೇ ಮಾತು. ಪಿ ಬೆಲೆ 0.05ಕ್ಕಿಂತ ಜಾಸ್ತಿ ಬಂದರೆ ಆ ಮಾದರಿಯನ್ನು ತಳ್ಳಿಹಾಕಲು ಆಗಲಿಲ್ಲ ಎಂದರ್ಥ. ಬೇರೆ ಮಾದರಿಗಳೂ ಹಾಗೆಯೇ ಪಾಸಾಗಬಹುದು, ಅವನ್ನೂ ಓಡಿಸಿ ನೋಡಿ.

## ಹಂತ 11: ಒಳಮದುವೆಯ ಗುರುತನ್ನು ಬೇರೆಯಾಗಿ ಅಳೆಯಿರಿ

ತಂದೆ ತಾಯಿ ಇಬ್ಬರಿಂದಲೂ ಒಂದೇ ತುಣುಕು ಬಂದರೆ ಆ ಜಾಗ ಉದ್ದಕ್ಕೂ ಒಂದೇ ಥರ ಇರುತ್ತದೆ. ಇದನ್ನು ಆರ್‌ಒಎಚ್ ಎನ್ನುತ್ತಾರೆ. ಪ್ಲಿಂಕ್‌ನಲ್ಲೇ ಅಳೆಯಬಹುದು. ಎಸ್‌ಎನ್‌ಪಿ ಕಡಿಮೆ ಮಾಡದ ಫೈಲ್ ಬಳಸಿ.

ತುಣುಕುಗಳ ಉದ್ದ ನೋಡಿ. ಎಂಟು ಹತ್ತು ಮೆಗಾಬೇಸ್ ದಾಟಿದ ಉದ್ದದ ತುಣುಕುಗಳು ಕೆಲವರಲ್ಲಿ ಮಾತ್ರ ಇದ್ದರೆ, ಅವರ ತಂದೆ ತಾಯಿ ಹತ್ತಿರದ ನೆಂಟರು. ಸೋದರಮಾವ ಸೊಸೆ ಮದುವೆಯ ಮಕ್ಕಳಲ್ಲಿ ಜೀನೋಮ್‌ನ ಸರಾಸರಿ ಎಂಟನೇ ಒಂದು ಭಾಗ, ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಹದಿನಾರನೇ ಒಂದು ಭಾಗ ಹೀಗಿರುತ್ತದೆ. ಸಣ್ಣ ತುಣುಕುಗಳು ಎಲ್ಲರಲ್ಲೂ ತುಂಬಾ ಇದ್ದರೆ ಇಡೀ ಸಮುದಾಯವೇ ಹಿಂದೆ ಕೆಲವೇ ಜನರಿಂದ ಬೆಳೆದದ್ದು. ಎರಡೂ ಬೇರೆ ವಿಷಯ, ಒಂದೇ ಅಂಕಿಯಲ್ಲಿ ಬೆರೆಸಬೇಡಿ.

ಈ ಹಂತವನ್ನು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿತು. ಅದರಲ್ಲಿ 81 ಗುಂಪುಗಳಲ್ಲಿ, ಕೆಲವೇ ಜನರಿಂದ ಬೆಳೆದ ಈ ಗುರುತು, ಅದಕ್ಕೆ ಹೆಸರಾದ ಫಿನ್ಲೆಂಡ್‌ನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿತ್ತು. ಇಂಥ ಗುಂಪುಗಳಲ್ಲಿ ಅಪರೂಪದ ಅನುವಂಶಿಕ ಕಾಯಿಲೆಗಳು ಹೆಚ್ಚಾಗಿ ಕಾಣಬಹುದು. ವೈಶ್ಯ ಸಮುದಾಯದಲ್ಲಿ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಹೆಚ್ಚು ಎಂಬುದು ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ಗೊತ್ತಿರಬೇಕಾದ ವಿಷಯ. ಮೂಲದ ಹೆಮ್ಮೆಗಿಂತ ಜನರಿಗೆ ನೇರ ಉಪಯೋಗವಾಗುವುದು ಈ ಮಾಹಿತಿ. ಅದನ್ನು ನೀವೇ ಊರಿನಲ್ಲಿ ಹೇಳಿ ಹೆದರಿಸಬೇಡಿ. ಜೆನೆಟಿಕ್ ಕೌನ್ಸೆಲರ್ ಅಥವಾ ವೈದ್ಯರ ಮೂಲಕ ತಲುಪಿಸಿ.

## ಹಂತ 12: ವರದಿಯಲ್ಲಿ ಯಾವ ವಾಕ್ಯ ಇರಬಹುದು, ಯಾವುದು ಬೇಡ

"ಈ ಸಮುದಾಯ ಇಂಥ ಸಮುದಾಯದಿಂದ ಹುಟ್ಟಿತು" ಎಂದು ಬರೆಯಬೇಡಿ. "ಹೋಲಿಸಿದ ಆರು ಗುಂಪುಗಳಲ್ಲಿ ಇವರು ಇಂಥವರಿಗೆ ಹೆಚ್ಚು ಹತ್ತಿರ" ಎಂದು ಬರೆಯಿರಿ. ಆರು ಯಾವುವು ಎಂದೂ ಅದೇ ಪುಟದಲ್ಲಿ ಕೊಡಿ. "ತೆಲುಗು ಜೀನ್", "ಕನ್ನಡ ಜೀನ್" ಎಂಬ ಮಾತು ಎಲ್ಲೂ ಬರಬಾರದು. ಭಾಷೆ ಕಲಿತು ಬರುವುದು. ಶುದ್ಧ, ಅಶುದ್ಧ, ಮೇಲು, ಕೀಳು ಎಂಬ ಪದಗಳಿಗೆ ಈ ಲೆಕ್ಕಗಳಲ್ಲಿ ಯಾವ ಆಧಾರವೂ ಇಲ್ಲ. ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಒಂದೇ ಗುಂಪಿನೊಳಗೇ ಇರುತ್ತದೆ ಎಂದು 1972ರಲ್ಲೇ ತಳಿವಿಜ್ಞಾನಿ ಲೆವೊಂಟಿನ್ ಲೆಕ್ಕ ಹಾಕಿ ತೋರಿಸಿದ್ದರು.

ಪ್ರತಿ ಹಂತದಲ್ಲಿ ತೆಗೆದವರ ಸಂಖ್ಯೆ, ಉಳಿದ ಎಸ್‌ಎನ್‌ಪಿ ಸಂಖ್ಯೆ, ಸಾಫ್ಟ್‌ವೇರ್‌ನ ಆವೃತ್ತಿ, ಬಳಸಿದ ಸೀಡ್ ಎಲ್ಲವನ್ನೂ ಕೋಷ್ಟಕದಲ್ಲಿ ಹಾಕಿ. ಬೇರೊಬ್ಬರು ಅದೇ ಫೈಲ್ ಹಿಡಿದು ಅದೇ ಚಿತ್ರ ತರುವಂತಿರಬೇಕು.

ಕೊನೆಗೆ, ಸ್ಯಾಂಪಲ್ ಕೊಟ್ಟ ಊರುಗಳಿಗೆ ವಾಪಸ್ ಹೋಗಿ. ಒಂದು ಪುಟದಲ್ಲಿ, ಅವರ ಮಾತಿನಲ್ಲಿ, ಏನು ಗೊತ್ತಾಯಿತು ಎಂದು ಓದಿ ಹೇಳಿ. ಒಬ್ಬೊಬ್ಬರ ಫಲಿತಾಂಶ ಹೇಳಬೇಡಿ, ಗುಂಪಿನದ್ದನ್ನು ಮಾತ್ರ ಹೇಳಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ. ಹೆಣ್ಣು ಕೊಟ್ಟು ತಂದ ಊರುಗಳ ಪಟ್ಟಿಯಲ್ಲಿ ನೀವು ಬಿಟ್ಟ ಹೆಸರುಗಳು ಅಲ್ಲಿ ಸಿಗುತ್ತವೆ. ಅವನ್ನು ಸೇರಿಸಿ ಹಂತ 8ರಿಂದ ಮತ್ತೊಮ್ಮೆ ಓಡಿಸಿದ ಮೇಲೆಯೇ ವರದಿ ಸಲ್ಲಿಸಿ.